ಒಕ್ಕೂಟ ಬೇಡವೆಂದವರು ಒಕ್ಕೂಟದ ಸಂಸತ್ತಿನಲ್ಲಿ: ಇಎಫ್‌ಡಿಡಿ ಗುಂಪಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬ್ರೆಕ್ಸಿಟ್, ಅಂದರೆ ಐರೋಪ್ಯ ಒಕ್ಕೂಟದಿಂದ (ಇಲ್ಲಿ ‘ಒಕ್ಕೂಟ’ ಎಂದರೆ ಅದೇ) ಬ್ರಿಟನ್ ಹೊರಬಂದದ್ದರ ಬಗ್ಗೆ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಐರೋಪ್ಯ ಸಂಸತ್ತಿನ ಇಎಫ್‌ಡಿಡಿ ಎಂಬ ಗುಂಪನ್ನು ಎತ್ತಿಕೊಳ್ಳುತ್ತಾರೆ. 2014ರಿಂದ 2019ರವರೆಗೆ ಐದು ವರ್ಷ ಬದುಕಿದ ಗುಂಪು ಇದು. ಇದರ ಪೂರ್ಣ ಹೆಸರನ್ನು ಕನ್ನಡದಲ್ಲಿ ‘ಸ್ವಾತಂತ್ರ್ಯ ಮತ್ತು ನೇರ ಪ್ರಜಾಪ್ರಭುತ್ವದ ಯುರೋಪ್’ ಎನ್ನಬಹುದು. ಮಾತುಕತೆಗಳಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರಿಸಿದ್ದೇನೆ.

## ಮೊದಲು ತಿಳಿಯಬೇಕಾದದ್ದು

ಐರೋಪ್ಯ ಸಂಸತ್ತಿನಲ್ಲಿ ಪಕ್ಷಗಳಿಲ್ಲವೇ? ಈ ‘ಗುಂಪು’ ಎಂದರೆ ಏನು?

ಪಕ್ಷಗಳಿವೆ, ಆದರೆ ಅವು ಆಯಾ ದೇಶದವು. ಜರ್ಮನಿಯ ಮತದಾರ ಜರ್ಮನಿಯ ಪಕ್ಷಕ್ಕೆ, ಇಟಲಿಯ ಮತದಾರ ಇಟಲಿಯ ಪಕ್ಷಕ್ಕೆ ಮತ ಹಾಕುತ್ತಾನೆ. ಹೀಗೆ ಗೆದ್ದು ಬಂದ ನೂರಾರು ಪಕ್ಷಗಳ ಸಂಸದರು ಸಂಸತ್ತಿಗೆ ಬಂದ ಮೇಲೆ ತಮಗೆ ಹತ್ತಿರವೆನಿಸುವ ಬೇರೆ ದೇಶಗಳವರ ಜೊತೆ ಸೇರಿ ಗುಂಪು ಕಟ್ಟಿಕೊಳ್ಳುತ್ತಾರೆ. ಸಭಾಂಗಣದಲ್ಲಿ ಆಸನಗಳು ದೇಶವಾರು ಇರುವುದಿಲ್ಲ, ಗುಂಪುವಾರು ಇರುತ್ತವೆ. 2014ರಲ್ಲಿ ಸದನದ ಬಲ 751. ಗುಂಪು ಕಟ್ಟಲು ಕನಿಷ್ಠ 25 ಸದಸ್ಯರು ಬೇಕಿತ್ತು, ಜೊತೆಗೆ ಅವರು ಒಕ್ಕೂಟದ ಕಾಲು ಭಾಗದಷ್ಟು ದೇಶಗಳಿಂದ ಬಂದವರಾಗಿರಬೇಕಿತ್ತು. ಆಗ 28 ದೇಶಗಳಿದ್ದವು, ಅಂದರೆ ಏಳು ದೇಶ. ಈ ‘ಏಳು’ ಎಂಬ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ. ಈ ಕಥೆಯ ಅರ್ಧ ಭಾಗ ಅದರ ಸುತ್ತಲೇ ನಡೆದಿದೆ.

ಒಕ್ಕೂಟವೇ ಬೇಡ ಎನ್ನುವವರು ಅದರ ಸಂಸತ್ತಿಗೆ ಏಕೆ ಸ್ಪರ್ಧಿಸುತ್ತಾರೆ? ಇದು ಸರಿಯೇ?

ನನಗೆ ಅತಿ ಹೆಚ್ಚು ಬಾರಿ ಎದುರಾದ ಪ್ರಶ್ನೆ ಇದೇ. ಕೇಳುವವರ ದನಿಯಲ್ಲಿ ಸಾಮಾನ್ಯವಾಗಿ ಸಿಟ್ಟಿರುತ್ತದೆ. ನನ್ನ ಮಟ್ಟಿಗೆ ಇದು ಸರಿಯೇ. ಒಂದು ಸಂಸ್ಥೆಗೆ ಜನರ ಮೇಲೆ ಅಧಿಕಾರವಿದೆ ಎಂದಾದರೆ, ಆ ಅಧಿಕಾರ ಇರಬಾರದು ಎನ್ನುವ ಜನರಿಗೂ ಅಲ್ಲಿ ಪ್ರತಿನಿಧಿ ಇರಬೇಕು. ಅವರನ್ನು ಹೊರಗಿಟ್ಟ ಸದನ ಒಪ್ಪಿದವರ ಕೂಟವಾಗುತ್ತದೆ, ಜನರ ಸಂಸತ್ತು ಎನಿಸಿಕೊಳ್ಳುವುದಿಲ್ಲ.

ಇದಕ್ಕೊಂದು ಪ್ರಾಯೋಗಿಕ ಕಾರಣವೂ ಇದೆ. ಬ್ರಿಟನ್‌ನ ಸಂಸತ್ ಚುನಾವಣೆ ನಮ್ಮ ಲೋಕಸಭೆಯಂತೆ. ಕ್ಷೇತ್ರದಲ್ಲಿ ಹೆಚ್ಚು ಮತ ಪಡೆದವನೇ ಗೆಲ್ಲುತ್ತಾನೆ. 2015ರಲ್ಲಿ ಯುಕೆ ಇಂಡಿಪೆಂಡೆನ್ಸ್ ಪಾರ್ಟಿ, ಅಂದರೆ ಒಕ್ಕೂಟದಿಂದ ಹೊರಬರಬೇಕೆನ್ನುವ ಯುಕಿಪ್, ಅಲ್ಲಿ ಸುಮಾರು 39 ಲಕ್ಷ ಮತ ಪಡೆದೂ ಒಂದೇ ಸ್ಥಾನ ಗೆದ್ದಿತು. ಐರೋಪ್ಯ ಚುನಾವಣೆಗೆ ಮಾತ್ರ 1999ರಿಂದ ಬ್ರಿಟನ್ ಪ್ರಮಾಣಾನುಗುಣ ಪದ್ಧತಿಗೆ ಬದಲಾಗಿತ್ತು. ಅದರಲ್ಲಿ ಮತದ ಪಾಲಿಗೆ ತಕ್ಕಷ್ಟು ಸ್ಥಾನ ಸಿಗುತ್ತದೆ. ಹಾಗಾಗಿ ಅದೇ ಪಕ್ಷ 1999ರಲ್ಲಿ 3, 2004ರಲ್ಲಿ 12, 2009ರಲ್ಲಿ 13, 2014ರಲ್ಲಿ 24 ಸ್ಥಾನ ಗೆದ್ದಿತು. ತನ್ನ ದೇಶದ ಸಂಸತ್ತಿನ ಬಾಗಿಲು ತೆರೆಯದ ಪಕ್ಷಕ್ಕೆ, ತಾನು ತಿರಸ್ಕರಿಸುತ್ತಿದ್ದ ಸಂಸತ್ತೇ ನಿಲ್ಲಲು ನೆಲ ಕೊಟ್ಟಿತು.

ಇಎಫ್‌ಡಿಡಿ ಗುಂಪಿನಲ್ಲಿ ಯಾರ್ಯಾರು ಇದ್ದರು?

2014ರ ಜೂನ್‌ನಲ್ಲಿ ಗುಂಪು ಘೋಷಣೆಯಾದಾಗ ಸದಸ್ಯರು 48. ಯುಕಿಪ್‌ನ 24, ಇಟಲಿಯ ಫೈವ್ ಸ್ಟಾರ್ ಚಳವಳಿಯ 17, ಸ್ವೀಡನ್ ಡೆಮಾಕ್ರಾಟ್ಸ್‌ನ 2, ಲಿಥುವೇನಿಯಾದ ‘ಸುವ್ಯವಸ್ಥೆ ಮತ್ತು ನ್ಯಾಯ’ ಪಕ್ಷದ 2. ಉಳಿದಂತೆ ಜೆಕ್ ಗಣರಾಜ್ಯ, ಫ್ರಾನ್ಸ್, ಲಾಟ್ವಿಯಾಗಳಿಂದ ಒಬ್ಬೊಬ್ಬರು. ದೇಶಗಳನ್ನು ಎಣಿಸಿದರೆ ಸರಿಯಾಗಿ ಏಳು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಬ್ರಿಟನ್‌ನ ಯುಕಿಪ್ ನಾಯಕ ನೈಜೆಲ್ ಫರಾಜ್, ಇಟಲಿಯ ಡೇವಿಡ್ ಬೊರೆಲ್ಲಿ ಇಬ್ಬರೂ ಸಹ-ಅಧ್ಯಕ್ಷರು.

ಫ್ರಾನ್ಸ್‌ನಿಂದ ಬಂದ ಜೋಯೆಲ್ ಬೆರ್ಜೆರೋನ್ ಗೆದ್ದದ್ದು ಮರೀನ್ ಲೆ ಪೆನ್ ಅವರ ನ್ಯಾಷನಲ್ ಫ್ರಂಟ್ ಎಂಬ ವಲಸೆ ವಿರೋಧಿ ಪಕ್ಷದ ಪಟ್ಟಿಯಿಂದ. ವಿದೇಶೀಯರಿಗೆ ನಗರಸಭೆ ಚುನಾವಣೆಯಲ್ಲಿ ಮತದ ಹಕ್ಕು ಕೊಡಬಹುದು ಎಂದು ಹೇಳಿ ಅವರು ಪಕ್ಷದ ಮುನಿಸಿಗೆ ಗುರಿಯಾಗಿ ಹೊರಬಂದಿದ್ದರು. ವಲಸೆಯನ್ನು ಕಟುವಾಗಿ ವಿರೋಧಿಸುತ್ತಿದ್ದವರೂ ಅವರೂ ಒಂದೇ ಸಾಲಿನಲ್ಲಿ ಕುಳಿತರು. ಗುಂಪಿನ ಸ್ವಭಾವ ಎಂಥದ್ದು ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಉದಾಹರಣೆ ಬೇಕಿಲ್ಲ.

ಇದಕ್ಕೂ ಮೊದಲು ಇಂಥ ಗುಂಪು ಇರಲಿಲ್ಲವೇ?

ಇತ್ತು. 1992ರಲ್ಲಿ ಮಾಸ್ಟ್ರಿಕ್ಟ್ ಒಪ್ಪಂದ ಒಕ್ಕೂಟದ ಅಧಿಕಾರವನ್ನು ಹಿಗ್ಗಿಸಿ, ಒಂದೇ ಕರೆನ್ಸಿಗೆ ದಾರಿ ಮಾಡಿತು. ಅದೇ ವರ್ಷ ಜೂನ್‌ನಲ್ಲಿ ಡೆನ್ಮಾರ್ಕ್ ಜನಮತಗಣನೆಯಲ್ಲಿ ಅದನ್ನು ತಿರಸ್ಕರಿಸಿತು. ಆ ಹೊತ್ತಿನ ವಿರೋಧದಿಂದ ಬೆಳೆದ ಡೆನ್ಮಾರ್ಕ್‌ನ ಜೆನ್ಸ್-ಪೀಟರ್ ಬೊಂಡೆ ಮೊದಲಾದವರು 1999ರಿಂದ ಒಂದು ಗುಂಪು ನಡೆಸಿದರು. 2004ರಲ್ಲಿ ಅದರ ಸ್ಥಾನಕ್ಕೆ ‘ಸ್ವಾತಂತ್ರ್ಯ ಮತ್ತು ಪ್ರಜಾಪ್ರಭುತ್ವ’ ಗುಂಪು ಬಂತು, 2009ರಲ್ಲಿ ಫರಾಜ್ ಮತ್ತು ಇಟಲಿಯ ಲೇಗಾ ನೋರ್ಡ್ ಪಕ್ಷದವರು ಸೇರಿ ಕಟ್ಟಿದ ‘ಸ್ವಾತಂತ್ರ್ಯ ಮತ್ತು ಪ್ರಜಾಪ್ರಭುತ್ವದ ಯುರೋಪ್’, ಅಂದರೆ ಇಎಫ್‌ಡಿ ಬಂತು. ನಮ್ಮ ಇಎಫ್‌ಡಿಡಿ ಅದರ ಮುಂದುವರಿಕೆ. ಹೊಸದಾಗಿ ಸೇರಿದ ‘ನೇರ’ ಎಂಬ ಪದ ಇಟಲಿಯವರ ಗುರುತು.

## ಒಳಗಿನ ಲೆಕ್ಕಾಚಾರ

ಫರಾಜ್ ಭಾಷಣಗಳನ್ನು ಯೂಟ್ಯೂಬ್‌ನಲ್ಲಿ ನೋಡಿದ್ದೇನೆ. ದೊಡ್ಡ ದೊಡ್ಡವರ ಎದುರಿಗೇ ನಿಂತು ಅಷ್ಟು ಮಾತನಾಡಲು ಅವರಿಗೆ ಹೇಗೆ ಬಿಡುತ್ತಿದ್ದರು?

ಅವರು ಗುಂಪಿನ ಅಧ್ಯಕ್ಷರಾಗಿದ್ದರು, ಅದಕ್ಕೇ. ಮುಖ್ಯ ಚರ್ಚೆಗಳಲ್ಲಿ ಒಕ್ಕೂಟದ ಆಡಳಿತ ನಡೆಸುವ ಐರೋಪ್ಯ ಆಯೋಗದ ಅಧ್ಯಕ್ಷರೋ ಯಾವುದೋ ದೇಶದ ಪ್ರಧಾನಿಯೋ ಮಾತನಾಡಿದ ಮೇಲೆ, ಗುಂಪುಗಳ ಅಧ್ಯಕ್ಷರಿಗೆ ಸರದಿಯಲ್ಲಿ ಮಾತು ಸಿಗುತ್ತದೆ. ಕುಳಿತುಕೊಳ್ಳುವುದು ಮುಂದಿನ ಸಾಲಿನಲ್ಲಿ. ಗುಂಪಿಲ್ಲದ ಸದಸ್ಯ ಹಿಂದಿನ ಆಸನದಲ್ಲಿ ಕುಳಿತು, ಸಭಾಂಗಣ ಖಾಲಿಯಾದ ಮೇಲೆ ಸಿಗುವ ಒಂದು ನಿಮಿಷಕ್ಕೆ ಕಾಯಬೇಕಾಗುತ್ತದೆ.

ಗುಂಪಿಗೆ ಸಿಗುವುದು ಮಾತಿನ ಸಮಯವಷ್ಟೇ ಅಲ್ಲ. ಕಚೇರಿ ಸಿಬ್ಬಂದಿ, ಪ್ರಚಾರ ಮತ್ತು ಆಡಳಿತದ ಖರ್ಚಿಗೆ ಸಂಸತ್ತಿನ ಹಣ, ಸಮಿತಿಗಳಲ್ಲಿ ಪಾಲು, ಮಸೂದೆಗಳ ಬಗ್ಗೆ ವರದಿ ಬರೆಯುವ ಅವಕಾಶ, ಸದನದ ಕಾರ್ಯಸೂಚಿ ನಿರ್ಧರಿಸುವ ಅಧ್ಯಕ್ಷರ ಸಭೆಯಲ್ಲಿ ಕುರ್ಚಿ ಎಲ್ಲವೂ ಸಿಗುತ್ತವೆ. ಫರಾಜ್ ಅವರಿಗೆ ಬೇಕಿದ್ದದ್ದು ಮುಖ್ಯವಾಗಿ ಆ ಎರಡು ಮೂರು ನಿಮಿಷ. 2010ರ ಫೆಬ್ರವರಿಯಲ್ಲಿ, ಹಿಂದಿನ ಗುಂಪಿನ ಕಾಲದಲ್ಲಿ, ಸದಸ್ಯ ದೇಶಗಳ ನಾಯಕರು ಸೇರುವ ಐರೋಪ್ಯ ಮಂಡಳಿಯ ಅಧ್ಯಕ್ಷ ಹರ್ಮನ್ ವಾನ್ ರಾಂಪುಯ್ ಅವರನ್ನು ಒದ್ದೆ ಬಟ್ಟೆಗೆ ಹೋಲಿಸಿ, ಅವರ ದೇಶ ಬೆಲ್ಜಿಯಂ ಅನ್ನೂ ಹೀಗಳೆದು, ಹತ್ತು ದಿನಗಳ ಭತ್ಯೆಯಷ್ಟು ದಂಡ ತೆತ್ತರು. ಆ ಭಾಷಣವನ್ನು ಲಕ್ಷಾಂತರ ಜನ ನೋಡಿದರು. ವ್ಯಕ್ತಿಯನ್ನು ಹಾಗೆ ಅವಮಾನಿಸಿದ್ದು ನನಗೆ ಇಂದಿಗೂ ಒಪ್ಪಿಗೆಯಿಲ್ಲ. ಆದರೆ ಸಂಸತ್ತಿನ ಕ್ಯಾಮೆರಾ ಸಂಸತ್ತಿಗಿಂತ ದೊಡ್ಡ ಸಭೆಯನ್ನು ತಲುಪುತ್ತದೆ ಎಂಬುದನ್ನು ಅಲ್ಲಿದ್ದ ಉಳಿದವರಿಗಿಂತ ಮೊದಲು ಕಂಡುಕೊಂಡವರು ಅವರು.

ಒಬ್ಬ ಸದಸ್ಯೆ ಹೊರಟುಹೋದದ್ದಕ್ಕೆ ಇಡೀ ಗುಂಪೇ ಬಿದ್ದುಹೋಯಿತಂತೆ, ನಿಜವೇ?

ನಿಜ. 2014ರ ಅಕ್ಟೋಬರ್ 16ರಂದು ಲಾಟ್ವಿಯಾದ ಇವೆಟಾ ಗ್ರಿಗುಲೆ ಗುಂಪು ಬಿಟ್ಟರು. ಉಳಿದವರು 47 ಮಂದಿ, ಬೇಕಿದ್ದ 25ರ ಹತ್ತಿರಹತ್ತಿರ ಎರಡರಷ್ಟು. ಆದರೆ ದೇಶಗಳು ಆರಕ್ಕಿಳಿದವು. ಅಂದೇ ಗುಂಪು ಅಸ್ತಿತ್ವ ಕಳೆದುಕೊಂಡಿತು. ಸಿಬ್ಬಂದಿ, ಹಣ, ಮುಂದಿನ ಸಾಲಿನ ಆಸನ ಎಲ್ಲಕ್ಕೂ ಕುತ್ತು ಬಂತು. ಆಗ ಸಂಸತ್ತಿನ ಅಧ್ಯಕ್ಷರಾಗಿದ್ದವರು ಮಾರ್ಟಿನ್ ಶುಲ್ಜ್. ಗ್ರಿಗುಲೆ ಅವರ ಮೇಲೆ ಶುಲ್ಜ್ ಒತ್ತಡ ಹಾಕಿದರು ಎಂದು ಗುಂಪು ಆರೋಪಿಸಿತು. ಶುಲ್ಜ್ ಕಡೆಯವರು ಅದನ್ನು ನಿರಾಕರಿಸಿದರು.

ನಾಲ್ಕು ದಿನಗಳಲ್ಲಿ ಏಳನೆಯ ದೇಶ ಸಿಕ್ಕಿತು. ಪೋಲೆಂಡ್‌ನ ‘ಹೊಸ ಬಲಪಂಥದ ಕಾಂಗ್ರೆಸ್’ ಪಕ್ಷದ ರಾಬರ್ಟ್ ಇವಾಶ್‌ಕೆವಿಚ್ ಸೇರಿಕೊಂಡರು, ಅಕ್ಟೋಬರ್ 20ರಂದು ಗುಂಪು ಮತ್ತೆ ಜೀವ ಪಡೆಯಿತು. ಹೆಂಗಸರ ಬಗ್ಗೆಯೂ ಹಿಟ್ಲರ್ ಕಾಲದ ಯಹೂದಿ ನರಮೇಧದ ಬಗ್ಗೆಯೂ ಆಡಿದ ಮಾತುಗಳಿಂದ ಆ ಪಕ್ಷದ ನಾಯಕ ಯಾನುಶ್ ಕೊರ್ವಿನ್-ಮಿಕ್ಕೆ ಕುಖ್ಯಾತರು. ಬ್ರಿಟನ್‌ನ ಯಹೂದಿ ಸಮುದಾಯದ ಪ್ರತಿನಿಧಿ ಸಂಸ್ಥೆ ಈ ಹೊಂದಾಣಿಕೆಯ ಬಗ್ಗೆ ಬಹಿರಂಗವಾಗಿ ಕಳವಳ ವ್ಯಕ್ತಪಡಿಸಿತು. ಕೆಲವೇ ತಿಂಗಳ ಹಿಂದೆ ಇದೇ ಪೋಲಿಷ್ ಪಕ್ಷದೊಡನೆ ಕೈಜೋಡಿಸಲು ಲೆ ಪೆನ್ ಅವರೇ ಹಿಂಜರಿದಿದ್ದರು. ಒಂದು ದೇಶದ ಎಣಿಕೆಗಾಗಿ ಫರಾಜ್ ಮತ್ತು ಅವರ ಇಟಲಿಯ ಜೊತೆಗಾರರು ಕೊಟ್ಟ ಬೆಲೆ ತೀರಾ ಹೆಚ್ಚಾಯಿತು ಎಂದೇ ನಾನು ಹೇಳುತ್ತೇನೆ.

ನಮ್ಮಲ್ಲಿರುವಂತೆ ಪಕ್ಷಾಂತರ ನಿಷೇಧ ಕಾಯ್ದೆ ಅಲ್ಲಿ ಇಲ್ಲವೇ?

ಇಲ್ಲ. 1985ರಲ್ಲಿ ನಮ್ಮ ಸಂವಿಧಾನಕ್ಕೆ ಸೇರಿದ ಹತ್ತನೆಯ ಅನುಸೂಚಿಯ ಪ್ರಕಾರ ಪಕ್ಷ ಬಿಟ್ಟ, ವಿಪ್ ಮೀರಿದ ಶಾಸಕನ ಸ್ಥಾನ ಹೋಗಬಹುದು. 2019ರಲ್ಲಿ ಕರ್ನಾಟಕದ 17 ಶಾಸಕರನ್ನು ಸಭಾಧ್ಯಕ್ಷರು ಅನರ್ಹಗೊಳಿಸಿದ್ದನ್ನು ನಾವೆಲ್ಲ ನೋಡಿದ್ದೇವೆ. ಐರೋಪ್ಯ ಸಂಸದ ಮಾತ್ರ ಯಾರ ಆದೇಶಕ್ಕೂ ಕಟ್ಟುಬಿದ್ದವನಲ್ಲ. ಗುಂಪು ಬಿಡಬಹುದು, ಪಕ್ಷವನ್ನೇ ಬಿಡಬಹುದು, ಸ್ಥಾನ ಉಳಿಯುತ್ತದೆ. ಗುಂಪಿನ ನಾಯಕನ ಕೈಯಲ್ಲಿ ಮನವೊಲಿಕೆ ಬಿಟ್ಟರೆ ಬೇರೆ ಅಸ್ತ್ರವಿಲ್ಲ.

ಲೆ ಪೆನ್ ಮತ್ತು ಫರಾಜ್ ಇಬ್ಬರೂ ಒಕ್ಕೂಟದ ವಿರೋಧಿಗಳಲ್ಲವೇ? ಒಂದೇ ಗುಂಪಿನಲ್ಲಿ ಏಕಿರಲಿಲ್ಲ?

ಫರಾಜ್ ಒಪ್ಪಲಿಲ್ಲ. ಯಹೂದಿ ದ್ವೇಷ ನ್ಯಾಷನಲ್ ಫ್ರಂಟ್‌ನ ರಕ್ತದಲ್ಲೇ ಇದೆ ಎಂಬರ್ಥದ ಮಾತುಗಳನ್ನು ಅವರು ಬಹಿರಂಗವಾಗಿ ಆಡಿದ್ದರು. ಬ್ರಿಟನ್‌ನ ಮತದಾರನ ಎದುರು ತಾವು ಗೌರವಸ್ಥರು ಎಂದು ತೋರಿಸಿಕೊಳ್ಳುವ ಅಗತ್ಯವೂ ಅವರಿಗಿತ್ತು. ನೆದರ್ಲೆಂಡ್ಸ್‌ನ ಬಲಪಂಥೀಯ ನಾಯಕ ಗೀರ್ಟ್ ವಿಲ್ಡರ್ಸ್ ಜೊತೆ ಸೇರಿ ಲೆ ಪೆನ್ 2014ರಲ್ಲಿ ಬೇರೆಯೇ ಗುಂಪು ಕಟ್ಟಲು ಹೋದರು. ಏಳು ದೇಶ ಸಿಗದೆ ಸೋತರು. ಮರುವರ್ಷ ಜೂನ್‌ನಲ್ಲಿ ಅವರ ಗುಂಪು ಹುಟ್ಟಿತು. ಯುಕಿಪ್‌ನಿಂದ ಉಚ್ಚಾಟಿತರಾದ ಜಾನಿಸ್ ಆಟ್ಕಿನ್ಸನ್ ಬ್ರಿಟನ್ ಪರವಾಗಿ ಅಲ್ಲಿ ಎಣಿಕೆ ತುಂಬಿದರು.

ಫೈವ್ ಸ್ಟಾರ್ ಎಡಪಂಥೀಯರೋ ಬಲಪಂಥೀಯರೋ? ಅವರು ಈ ಗುಂಪಿನಲ್ಲಿ ಇದ್ದದ್ದೇ ನನಗೆ ಅರ್ಥವಾಗುವುದಿಲ್ಲ.

ನಿಮ್ಮ ಗೊಂದಲ ಸಹಜ, ಅವರ ಸದಸ್ಯರಿಗೂ ಅದಿತ್ತು. ಹಾಸ್ಯನಟ ಬೆಪ್ಪೆ ಗ್ರಿಲ್ಲೊ ಕಟ್ಟಿದ ಈ ಚಳವಳಿ ಪರಿಸರ, ನೀರು, ಭ್ರಷ್ಟಾಚಾರ, ನೇರ ಪ್ರಜಾಪ್ರಭುತ್ವಗಳ ಬಗ್ಗೆ ಮಾತನಾಡುತ್ತಿತ್ತು. ಯೂರೋ ಕರೆನ್ಸಿಯ ಬಗ್ಗೆ ಜನಮತಗಣನೆ ಕೇಳುತ್ತಿತ್ತು. ತಾನು ಎಡವೂ ಅಲ್ಲ, ಬಲವೂ ಅಲ್ಲ ಎನ್ನುತ್ತಿತ್ತು. 2014ರ ಜೂನ್‌ನಲ್ಲಿ ಸದಸ್ಯರ ಆನ್‌ಲೈನ್ ಮತದಾನದಲ್ಲಿ ಸುಮಾರು ಶೇ 78ರಷ್ಟು ಮಂದಿ ಫರಾಜ್ ಗುಂಪನ್ನು ಆರಿಸಿದರು. ಆಯ್ಕೆಯ ಪಟ್ಟಿಯಲ್ಲಿ ಹಸಿರು ಪಕ್ಷಗಳ ಗುಂಪು ಇರಲೇ ಇಲ್ಲ ಎಂಬ ಅಸಮಾಧಾನ ಚಳವಳಿಯ ಒಳಗೇ ಕೇಳಿಬಂತು. ನ್ಯಾಯವಾದ ಅಸಮಾಧಾನ ಅದು. ಪ್ರಶ್ನೆ ಕೇಳುವವರು ಆಯ್ಕೆಗಳನ್ನು ಮೊದಲೇ ಕತ್ತರಿಸಿಟ್ಟರೆ, ಉತ್ತರ ಜನರದ್ದು ಎಂದು ಹೇಗೆ ಹೇಳುವುದು?

ಫರಾಜ್ ಇಟ್ಟ ಆಕರ್ಷಣೆ ಒಂದೇ: ಈ ಗುಂಪಿನಲ್ಲಿ ವಿಪ್ ಇಲ್ಲ, ನಿಮ್ಮ ಮತ ನಿಮ್ಮದು. ಮಾತಿಗೆ ಅವರು ತಪ್ಪಲಿಲ್ಲ. ಹವಾಮಾನ ಬದಲಾವಣೆಯ ಮತ ಬಂದಾಗ ಯುಕಿಪ್ ವಿರುದ್ಧ, ಫೈವ್ ಸ್ಟಾರ್ ಪರ. ಹೊಸ ಐರೋಪ್ಯ ನಿಯಮ ಬಂದರೆ ಯುಕಿಪ್‌ನವರು ಕಣ್ಣುಮುಚ್ಚಿ ಬೇಡ ಎನ್ನುತ್ತಿದ್ದರು, ಇಟಲಿಯವರು ಸಮಿತಿಯಲ್ಲಿ ಕುಳಿತು ತಿದ್ದುಪಡಿ ಬರೆಯುತ್ತಿದ್ದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಮಾತು ಇಲ್ಲಿಗೆ ಅಕ್ಷರಶಃ ಹೊಂದುತ್ತದೆ. ಆ ಅವಧಿಯ ಎಲ್ಲ ಗುಂಪುಗಳಲ್ಲಿ ಮತದಾನದ ಒಗ್ಗಟ್ಟು ಅತಿ ಕಡಿಮೆಯಿದ್ದದ್ದು ಇಲ್ಲೇ.

ಇಟಲಿಯವರು ಮಧ್ಯದಲ್ಲಿ ಬಿಟ್ಟುಹೋಗಲು ನೋಡಿದರಂತಲ್ಲ?

2017ರ ಜನವರಿಯಲ್ಲಿ. ಬ್ರೆಕ್ಸಿಟ್ ಜನಮತಗಣನೆ ಮುಗಿದಿತ್ತು, ಯುಕಿಪ್ ತನ್ನ ಗುರಿ ತಲುಪಿತ್ತು. ಇನ್ನು ಇವರೊಡನೆ ಏನು ಕೆಲಸ ಎಂದು ಗ್ರಿಲ್ಲೊ ಮತ್ತೆ ಆನ್‌ಲೈನ್ ಮತ ಕೇಳಿದರು. ಶೇ 78.5ರಷ್ಟು ಮಂದಿ ಗುಂಪು ಬಿಟ್ಟು ಉದಾರವಾದಿಗಳ ಗುಂಪಿಗೆ ಹೋಗೋಣ ಎಂದರು. ಆ ಗುಂಪಿನ ನಾಯಕ ಬೆಲ್ಜಿಯಂನ ಮಾಜಿ ಪ್ರಧಾನಿ ಗೀ ವರ್ಹೊಫ್‌ಸ್ಟಾಟ್, ಯುರೋಪ್ ಒಂದೇ ಒಕ್ಕೂಟ ರಾಷ್ಟ್ರವಾಗಬೇಕು ಎಂದು ಬಲವಾಗಿ ವಾದಿಸುವವರು. ಸದನದಲ್ಲಿ ಫರಾಜ್ ಅವರ ನೇರ ಎದುರಾಳಿ. ಫಲಿತಾಂಶ ಬಂದ ದಿನವೇ ಉದಾರವಾದಿ ಸಂಸದರು ತಿರುಗಿಬಿದ್ದರು, ಬಾಗಿಲು ಮುಚ್ಚಿತು. ಫೈವ್ ಸ್ಟಾರ್ ಮತ್ತೆ ಫರಾಜ್ ಬಳಿಗೇ ಮರಳಬೇಕಾಯಿತು. ಬೊರೆಲ್ಲಿ ಸಹ-ಅಧ್ಯಕ್ಷ ಸ್ಥಾನ ಬಿಟ್ಟರು. ಮಾರ್ಕೊ ಅಫ್ರೊಂಟೆ ಹಸಿರು ಗುಂಪಿಗೆ ಹೋದರು, ಮಾರ್ಕೊ ಝಾನ್ನಿ ಲೆ ಪೆನ್ ಗುಂಪಿಗೆ. ಒಂದೇ ಚಳವಳಿಯಿಂದ, ಒಂದೇ ವಾರದ ಗದ್ದಲದಲ್ಲಿ, ಒಬ್ಬರು ಈ ದಡಕ್ಕೆ, ಒಬ್ಬರು ಆ ದಡಕ್ಕೆ. ಸಾವಿರಾರು ಸದಸ್ಯರ ಮತವನ್ನು ಇಷ್ಟು ಹಗುರವಾಗಿ ಬಳಸಿದ್ದು ನನಗೆ ಬೇಸರ ತಂದ ಸಂಗತಿ.

## ಇನ್ನೂ ಆಳಕ್ಕೆ

ತಮ್ಮಲ್ಲೇ ಹೊಂದಾಣಿಕೆ ಇಲ್ಲದವರು ಸೌಲಭ್ಯಕ್ಕಾಗಿ ಗುಂಪು ಕಟ್ಟಿದರೆ ಸಂಸತ್ತು ಸುಮ್ಮನಿರುತ್ತದೆಯೇ?

ನಿಯಮದ ಪ್ರಕಾರ ಗುಂಪಿನ ಸದಸ್ಯರ ನಡುವೆ ರಾಜಕೀಯ ಸಾಮ್ಯ ಇರಬೇಕು. 1999ರಲ್ಲಿ ಇಟಲಿಯ ಉದಾರವಾದಿ ಎಮ್ಮಾ ಬೊನಿನೊ ಅವರ ಕಡೆಯವರು, ಫ್ರಾನ್ಸ್‌ನ ನ್ಯಾಷನಲ್ ಫ್ರಂಟ್‌ನವರು ಮತ್ತಿತರರು ಸೇರಿ ‘ನಮ್ಮದು ತಾಂತ್ರಿಕ ಗುಂಪು, ನಮ್ಮ ನಡುವೆ ರಾಜಕೀಯ ಸಂಬಂಧವಿಲ್ಲ’ ಎಂದು ಪ್ರಾಮಾಣಿಕವಾಗಿಯೇ ಹೇಳಿಕೊಂಡರು. ಸಂಸತ್ತು ಅದನ್ನು ಒಪ್ಪಲಿಲ್ಲ. 2001ರಲ್ಲಿ ಐರೋಪ್ಯ ನ್ಯಾಯಾಲಯವೂ ಸಂಸತ್ತಿನ ನಿಲುವನ್ನು ಎತ್ತಿಹಿಡಿಯಿತು. ಆ ಮೇಲೆ ಎಲ್ಲರೂ ಕಲಿತ ಪಾಠ ಸರಳ: ಸಾಮ್ಯ ಇದೆ ಎಂದು ಬರೆದುಕೊಡಬೇಕು. ಸದಸ್ಯರೇ ಅಲ್ಲಗಳೆಯದಿದ್ದರೆ ಸಾಮ್ಯವನ್ನು ಅಳೆದು ನೋಡುವ ಪರಿಪಾಠವಿಲ್ಲ. ಇಎಫ್‌ಡಿಡಿ ನಿಂತದ್ದು ಈ ಸಡಿಲಿನಲ್ಲಿ. ನೇರ ಪ್ರಜಾಪ್ರಭುತ್ವ ಎಂಬ ಒಂದು ಹಂಚಿಕೊಂಡ ಮಾತು ಅದಕ್ಕೆ ಸಾಕಾಯಿತು.

ಸಾಮ್ಯವಿದ್ದರೂ ಗುಂಪು ಬೀಳಬಹುದು. 2007ರ ಜನವರಿಯಲ್ಲಿ ಕಟ್ಟರ್ ರಾಷ್ಟ್ರವಾದಿಗಳು ಕಟ್ಟಿದ ಗುಂಪು ನವೆಂಬರ್‌ನಲ್ಲೇ ಮುರಿಯಿತು. ಇಟಲಿಯ ಅಲೆಸ್ಸಾಂಡ್ರಾ ಮುಸೊಲಿನಿ ರೊಮೇನಿಯಾದವರನ್ನು ಅವಹೇಳನ ಮಾಡಿದರು, ಗುಂಪಿನಲ್ಲಿದ್ದ ರೊಮೇನಿಯಾದ ಸದಸ್ಯರು ಎದ್ದು ಹೋದರು. ಪ್ರತಿಯೊಬ್ಬರೂ ತಮ್ಮ ದೇಶವೇ ಮೇಲು ಎನ್ನುವಾಗ ಅವರ ಅಂತರರಾಷ್ಟ್ರೀಯ ಒಕ್ಕೂಟ ಬಾಳುವುದು ಕಷ್ಟ.

ದೊಡ್ಡ ಗುಂಪುಗಳು ಇವರನ್ನು ಬೇಕೆಂದೇ ದೂರ ಇಟ್ಟವೇ?

ಹೌದು, ಆರಂಭದಲ್ಲಿ. 2014ರಲ್ಲಿ ಸ್ಥಾನ ಹಂಚಿಕೆಯ ಲೆಕ್ಕದಂತೆ ಅರ್ಜಿಗಳ ಸಮಿತಿಯ ಅಧ್ಯಕ್ಷತೆ ಫೈವ್ ಸ್ಟಾರ್ ಪಾಲಿಗೆ ಬರಬೇಕಿತ್ತು. ದೊಡ್ಡ ಗುಂಪುಗಳು ಸೇರಿ ಅದನ್ನು ಉದಾರವಾದಿಗಳ ಸೆಸಿಲಿಯಾ ವಿಕ್ಸ್‌ಟ್ರಮ್ ಅವರಿಗೆ ಕೊಟ್ಟವು. ಇದು ತಪ್ಪು ಎಂಬುದು ನನ್ನ ದೃಢ ಅಭಿಪ್ರಾಯ. ಸಾಮಾನ್ಯ ನಾಗರಿಕರ ದೂರು ಕೇಳುವ ಸಮಿತಿ ಅದು. ಅಲ್ಲೇ ಲೆಕ್ಕ ಮುರಿದರೆ ‘ಬ್ರಸೆಲ್ಸ್ ನಮ್ಮ ಮಾತು ಕೇಳುವುದಿಲ್ಲ’ ಎಂದು ಒಕ್ಕೂಟದ ಆ ಕೇಂದ್ರವನ್ನು ದೂರುವವರಿಗೆ ಸಾಕ್ಷ್ಯ ಒದಗಿಸಿದಂತೆ. ಮುಂದೆ ಧೋರಣೆ ಸ್ವಲ್ಪ ಸಡಿಲಿತು. 2017ರ ನವೆಂಬರ್‌ನಲ್ಲಿ ಫೈವ್ ಸ್ಟಾರ್‌ನ ಫಾಬಿಯೊ ಮಾಸ್ಸಿಮೊ ಕಸ್ಟಾಲ್ಡೊ ಸಂಸತ್ತಿನ ಉಪಾಧ್ಯಕ್ಷರಾಗಿ ಗೆದ್ದರು.

ಬ್ರೆಕ್ಸಿಟ್ ಆದದ್ದು ಈ ಗುಂಪಿನಿಂದಲೇ?

ಗುಂಪಿನಿಂದ ಎನ್ನಲಾಗದು, ಅದರ ದೊಡ್ಡ ಪಾಲುದಾರನ ಒತ್ತಡದಿಂದ ಎನ್ನಬಹುದು. ಬ್ರಿಟನ್ ಒಕ್ಕೂಟದಲ್ಲಿರಬೇಕೇ ಬೇಡವೇ ಎಂಬುದು ಐರೋಪ್ಯ ಸಂಸತ್ತಿನ ಮತಕ್ಕೆ ಬರುವ ವಿಷಯವೇ ಅಲ್ಲ. ಜನಮತಗಣನೆಯ ಭರವಸೆ ಕೊಟ್ಟವರು ಪ್ರಧಾನಿ ಡೇವಿಡ್ ಕ್ಯಾಮರೂನ್, 2013ರಲ್ಲಿ. ತಮ್ಮ ಕನ್ಸರ್ವೇಟಿವ್ ಪಕ್ಷದ ಒಳಗಿನ ಬಂಡಾಯ, ಹೊರಗೆ ಯುಕಿಪ್ ಕಡೆ ಜಾರುತ್ತಿದ್ದ ಮತ ಎರಡೂ ಅವರನ್ನು ಅತ್ತ ದೂಡಿದವು. 2016ರ ಜೂನ್ 23ರಂದು ಶೇ 51.9ರಷ್ಟು ಮತದಾರರು ಹೊರಬರೋಣ ಎಂದರು. ಐದು ದಿನಗಳ ನಂತರ ಫರಾಜ್ ಬ್ರಸೆಲ್ಸ್‌ನ ಸದನದಲ್ಲಿ ಎದ್ದು, ಹದಿನೇಳು ವರ್ಷಗಳ ಹಿಂದೆ ತಾವು ಬಂದಾಗ ನಕ್ಕವರೆಲ್ಲ ಈಗ ನಗುತ್ತಿಲ್ಲವಲ್ಲ ಎಂದರು. ಒಕ್ಕೂಟವನ್ನು ಬಿಡುವ ಕಾನೂನಿನ ದಾರಿಯಾದ 50ನೆಯ ವಿಧಿ ಬಂದದ್ದು 2009ರಲ್ಲಿ ಜಾರಿಗೆ ಬಂದ ಲಿಸ್ಬನ್ ಒಪ್ಪಂದದಲ್ಲಿ. ಅದೇ ಒಪ್ಪಂದವನ್ನು ಇವರು ಸದನದಲ್ಲಿ ಜೋರಾಗಿ ವಿರೋಧಿಸಿದ್ದರು.

ಆಗ ಲಂಡನ್ನಿನಲ್ಲಿದ್ದ ನಮ್ಮ ಕನ್ನಡಿಗರಿಗೆ ಮತ ಇತ್ತೇ?

ಇತ್ತು. ಅನೇಕರಿಗೆ ಇದು ಗೊತ್ತಿರಲಿಲ್ಲ. ಬ್ರಿಟನ್ನಿನಲ್ಲಿ ನೆಲೆಸಿದ ಕಾಮನ್‌ವೆಲ್ತ್ ದೇಶಗಳ ವಯಸ್ಕ ಪ್ರಜೆಗಳಿಗೆ, ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ, ಐರೋಪ್ಯ ಚುನಾವಣೆಯಲ್ಲೂ 2016ರ ಜನಮತಗಣನೆಯಲ್ಲೂ ಮತದ ಹಕ್ಕಿತ್ತು. ಭಾರತದ ಪಾಸ್‌ಪೋರ್ಟ್ ಹಿಡಿದು ಅಲ್ಲಿ ದುಡಿಯುತ್ತಿದ್ದವರೂ ಅದರಲ್ಲಿ ಸೇರಿದ್ದರು. ಅದೇ ಬ್ರಿಟನ್ನಿನಲ್ಲಿ ಬಾಳುತ್ತಿದ್ದ ಇಟಲಿ, ಪೋಲೆಂಡ್, ಫ್ರಾನ್ಸ್ ಪ್ರಜೆಗಳಿಗೆ ಜನಮತಗಣನೆಯಲ್ಲಿ ಮತವಿರಲಿಲ್ಲ. ಜರ್ಮನಿ, ನೆದರ್ಲೆಂಡ್ಸ್‌ಗಳಲ್ಲಿರುವ ನಮ್ಮವರಿಗೆ ಮಾತ್ರ ಒಕ್ಕೂಟದ ಯಾವುದಾದರೂ ದೇಶದ ಪೌರತ್ವ ಪಡೆಯದ ಹೊರತು ಐರೋಪ್ಯ ಚುನಾವಣೆಯಲ್ಲಿ ಮತವಿಲ್ಲ.

ಗುಂಪು ಕೊನೆಗೊಂಡದ್ದು ಹೇಗೆ?

ಗುಂಪು ಸಾವಕಾಶವಾಗಿ ಕರಗಿತು. 2018ರ ಜುಲೈನಲ್ಲಿ ಸ್ವೀಡನ್ ಡೆಮಾಕ್ರಾಟ್ಸ್ ಬೇರೆ ಗುಂಪಿಗೆ ಹೋದರು. ಡಿಸೆಂಬರ್‌ನಲ್ಲಿ ಫರಾಜ್ ತಾವು ಬೆಳೆಸಿದ ಯುಕಿಪ್ ಅನ್ನೇ ಬಿಟ್ಟರು. ಮುಸ್ಲಿಂ ವಿರೋಧಿ ಚಳವಳಿಗಾರ ಟಾಮಿ ರಾಬಿನ್ಸನ್ ಅವರನ್ನು ಪಕ್ಷದ ಆಗಿನ ನಾಯಕ ಹತ್ತಿರ ಮಾಡಿಕೊಂಡದ್ದು ಅದಕ್ಕೆ ಕಾರಣ. 2019ರ ಮೇ ಚುನಾವಣೆಯಲ್ಲಿ ಅವರ ಹೊಸ ಬ್ರೆಕ್ಸಿಟ್ ಪಾರ್ಟಿ 29 ಸ್ಥಾನ ಗೆದ್ದಿತು, ಫೈವ್ ಸ್ಟಾರ್ 14. ಎರಡೇ ಪಕ್ಷ ಸೇರಿ 43 ಜನ, ಸಂಖ್ಯೆಗೆ ಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚು. ದೇಶಗಳು ಏಳಾಗಲಿಲ್ಲ. ಗುಂಪು ಮುಗಿಯಿತು.

ಜುಲೈ 2ರಂದು, ಬ್ರಸೆಲ್ಸ್ ಬಿಟ್ಟರೆ ಸಂಸತ್ತು ಸೇರುವ ಇನ್ನೊಂದು ಊರಾದ ಸ್ಟ್ರಾಸ್‌ಬರ್ಗ್‌ನಲ್ಲಿ ಐರೋಪ್ಯ ಗೀತೆ ನುಡಿಸುವಾಗ ಬ್ರೆಕ್ಸಿಟ್ ಪಾರ್ಟಿಯವರು ಬೆನ್ನು ತಿರುಗಿಸಿ ನಿಂತರು. 2020ರ ಜನವರಿ 29ರಂದು ನಿರ್ಗಮನ ಒಪ್ಪಂದಕ್ಕೆ 621 ಮತಗಳ ಒಪ್ಪಿಗೆ ಬಿತ್ತು, ವಿರೋಧ 49. ಅಂದು ಫರಾಜ್ ಮತ್ತು ಸಂಗಡಿಗರು ಪುಟ್ಟ ಬ್ರಿಟಿಷ್ ಧ್ವಜಗಳನ್ನು ಬೀಸಿದಾಗ ಪೀಠದಲ್ಲಿದ್ದ ಮೈರೇಡ್ ಮೆಕ್‌ಗಿನ್ನಿಸ್ ಮೈಕ್ ನಿಲ್ಲಿಸಿ, ಧ್ವಜಗಳನ್ನು ಕೆಳಗಿಡಿ ಎಂದರು. ಅದೇ ದಿನ ಬೇರೆ ಸಂಸದರು ಕೈ ಕೈ ಹಿಡಿದು ಬ್ರಿಟನ್‌ನವರಿಗೆ ವಿದಾಯದ ಹಾಡು ಹಾಡಿದರು. ಆ ದೃಶ್ಯ ನೋಡಿ ನನ್ನ ಕಣ್ಣೂ ತೇವವಾಗಿತ್ತು.

ಅವರೆಲ್ಲ ಈಗ ಎಲ್ಲಿದ್ದಾರೆ? ಒಕ್ಕೂಟದ ವಿರೋಧ ಕಡಿಮೆಯಾಯಿತೇ?

ಕಡಿಮೆಯಾಗಿಲ್ಲ, ರೂಪ ಬದಲಾಗಿದೆ. 2024ರ ಚುನಾವಣೆಯ ನಂತರ 720 ಸದಸ್ಯರ ಸದನದಲ್ಲಿ ಇಂಥ ಮೂರು ಗುಂಪುಗಳಿದ್ದವು. ಹಂಗೆರಿಯ ವಿಕ್ಟರ್ ಓರ್ಬಾನ್ ಮುಂದಾಳುತನದಲ್ಲಿ ರೂಪುಗೊಂಡು ಫ್ರಾನ್ಸ್‌ನ ಜೋರ್ಡಾನ್ ಬಾರ್ಡೆಲ್ಲಾ ಅಧ್ಯಕ್ಷರಾದ ‘ಯುರೋಪಿನ ದೇಶಪ್ರೇಮಿಗಳು’ ಗುಂಪು 84 ಸದಸ್ಯರಿಂದ ಆರಂಭವಾಗಿ ಸದನದ ಮೂರನೆಯ ದೊಡ್ಡ ಗುಂಪಾಯಿತು. ಸಂಪ್ರದಾಯವಾದಿಗಳ ಇಸಿಆರ್ ಗುಂಪಿನಲ್ಲಿ 78, ಜರ್ಮನಿಯ ಎಎಫ್‌ಡಿ ಪಕ್ಷ ಮುಖ್ಯವಾಗಿರುವ ಇಎಸ್‌ಎನ್ ಗುಂಪಿನಲ್ಲಿ 25. ಸೇರಿಸಿದರೆ ಸದನದ ಕಾಲು ಭಾಗ ದಾಟುತ್ತದೆ. ಆದರೆ ಒಕ್ಕೂಟ ಬಿಟ್ಟುಬಿಡೋಣ ಎಂದು ಗಟ್ಟಿಯಾಗಿ ಹೇಳುವವರು ಅವರಲ್ಲಿ ಈಗ ವಿರಳ. ಒಳಗಿದ್ದೇ ಅಧಿಕಾರವನ್ನು ರಾಜಧಾನಿಗಳಿಗೆ ಹಿಂದಿರುಗಿಸಬೇಕು ಎಂಬುದು ಹೆಚ್ಚಿನವರ ಮಾತು. ಬ್ರಿಟನ್ ಹೊರಹೋಗುವಾಗ ಪಟ್ಟ ಪಾಡನ್ನು ಅವರೂ ನೋಡಿದ್ದಾರೆ.

ಹಳೆಯ ಇಎಫ್‌ಡಿಡಿಯವರ ಪೈಕಿ ಮಾರ್ಕೊ ಝಾನ್ನಿ 2019ರಲ್ಲಿ ಲೆ ಪೆನ್ ಮತ್ತು ಇಟಲಿಯ ಮತ್ತೆಯೊ ಸಾಲ್ವಿನಿ ಅವರ ಪಕ್ಷಗಳಿದ್ದ 73 ಸದಸ್ಯರ ಗುಂಪಿಗೆ ಅಧ್ಯಕ್ಷರಾದರು. ಸ್ವೀಡನ್ ಡೆಮಾಕ್ರಾಟ್ಸ್ ಇಸಿಆರ್‌ನಲ್ಲಿದ್ದಾರೆ. ಏಳು ಬಾರಿ ಸೋತಿದ್ದ ಫರಾಜ್ 2024ರ ಜುಲೈನಲ್ಲಿ ಕ್ಲಾಕ್ಟನ್ ಕ್ಷೇತ್ರದಿಂದ ಗೆದ್ದು ಮೊದಲ ಬಾರಿಗೆ ತಮ್ಮ ದೇಶದ ಸಂಸತ್ತಿಗೆ ಕಾಲಿಟ್ಟರು. ಅದೇ ತಿಂಗಳು ಫೈವ್ ಸ್ಟಾರ್‌ನ 8 ಸಂಸದರು ಸ್ಟ್ರಾಸ್‌ಬರ್ಗ್‌ನಲ್ಲಿ ಎಡಪಂಥೀಯರ ಗುಂಪಿನ ಆಸನಗಳಲ್ಲಿ ಕುಳಿತರು.